ಕರೆಂಟಿಗೆ ಜಾತಕ, ಗ್ಯಾಸಿಗೆ ಗುದ್ದಲಿ ಪೂಜೆ

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೊರಟಾಗ ಯಾರೂ ಅದರ ಗೋತ್ರ ಕೇಳಲಿಲ್ಲ. ತೊಂಬತ್ತು ಚಿಲ್ಲರೆ ಮೈಲಿ ತಂತಿ. ಆಗಿನ ಕಾಲಕ್ಕೆ ಪ್ರಪಂಚದಲ್ಲೇ ಅಷ್ಟುದ್ದದ ಲೈನು ಬೆರಳೆಣಿಕೆಯಷ್ಟು. ಟರ್ಬೈನು ಸ್ವಿಟ್ಜರ್ಲೆಂಡಿನದು, ಜನರೇಟರು ಅಮೆರಿಕದ್ದು, ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಕಾವೇರಿ ಎರಡು ಕವಲಾಗಿ ಧುಮುಕುವ ಜಾಗದಲ್ಲಿ ಈಚೆ ದಡ ಮೈಸೂರು ಸಂಸ್ಥಾನ, ಆಚೆ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಇಷ್ಟೆಲ್ಲ ಕಲಬೆರಕೆ ಇದ್ದರೂ ಸ್ವಿಚ್ ಹಾಕಿದರು, ಗಣಿಯ ಯಂತ್ರ ತಿರುಗಿತು.

ಈಗ ನೂರಿಪ್ಪತ್ತು ವರ್ಷ ಆಗಿದೆ, ನಾವು ಬುದ್ಧಿವಂತರಾಗಿದ್ದೇವೆ. ‘ಗಡಿಯಾಚೆಗೂ ಒಂದೇ ವಿದ್ಯುತ್ ಮಾರುಕಟ್ಟೆ’ ಎಂಬ ಘೋಷಣೆ ಬಂದಿದೆ. ನೇಪಾಳದಿಂದ ಬಾಂಗ್ಲಾದೇಶಕ್ಕೆ, ಭಾರತದ ತಂತಿಯ ಮೇಲೆ ಹಾಯಿಸಿ, 40 ಮೆಗಾವಾಟ್ ಕಳಿಸುವ ಕಾರ್ಯಕ್ರಮ ಅದರ ಮುಕುಟಮಣಿ.

ನಲವತ್ತು ಮೆಗಾವಾಟ್ ಅಂದರೆ ಎಷ್ಟು? ನಮ್ಮ ಮುದಿ ಶಿವನಸಮುದ್ರ ಘಟಕದ ಒಟ್ಟು ಸಾಮರ್ಥ್ಯವೇ 42. ಐದು ಎಚ್‌ಪಿ ಪಂಪ್‌ಸೆಟ್ ಲೆಕ್ಕ ಹಿಡಿದರೆ ಎಂಟೊಂಬತ್ತು ಸಾವಿರ ಮೋಟರು. ಮಂಡ್ಯ ಜಿಲ್ಲೆಯ ಬಯಲಲ್ಲಿ ತ್ರೀ ಫೇಸ್ ಬಂತು ಅಂತ ಒಂದಷ್ಟು ಊರಿನವರು ಒಟ್ಟಿಗೇ ಸ್ಟಾರ್ಟರ್ ಒತ್ತಿದರೆ ಖಾಲಿ. ಇಷ್ಟಕ್ಕೆ ಮೂರು ದೇಶದ ಮೂರು ಸಂಸ್ಥೆ ಕೂತು 2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ಸಹಿ ಹಾಕಿದವು. ಯೂನಿಟ್ಟಿಗೆ 6.4 ಅಮೆರಿಕನ್ ಸೆಂಟು. ಮಾರುವವರದು ನೇಪಾಳಿ ರೂಪಾಯಿ, ಕೊಳ್ಳುವವರದು ಟಾಕಾ, ದಾರಿ ಬಿಡುವವರದು ನಮ್ಮ ರೂಪಾಯಿ. ದರ ಮಾತ್ರ ಡಾಲರಿನಲ್ಲಿ. ಮೂವರು ಓರಗಿತ್ತಿಯರು ಜಗಳಕ್ಕೆ ಊರಾಚೆಯ ಪಂಚರನ್ನು ಕರೆಸಿದ ಹಾಗೆ.

ನೇಪಾಳದ ನದಿಗಳು ತುಂಬಿ ಹರಿಯುವುದು ಮಳೆಗಾಲದಲ್ಲಿ, ಆದ್ದರಿಂದ ಕರೆಂಟು ಕೊಡುವ ಅವಧಿ ಪ್ರತಿವರ್ಷ ಜೂನ್ 15ರಿಂದ ನವೆಂಬರ್ 15. ಸಹಿ, ಅನುಮತಿ, ಮೀಟರಿನ ಲೆಕ್ಕಾಚಾರ ಎಲ್ಲ ಮುಗಿದು ಸ್ವಿಚ್ ಹಾಕಿದ್ದು ಯಾವಾಗ? 2024ರ ನವೆಂಬರ್ 15ಕ್ಕೆ. ಮಂತ್ರಿಗಳು ವಿಡಿಯೋದಲ್ಲಿ ಗುಂಡಿ ಒತ್ತಿದರು, ಕರೆಂಟು ಹರಿಯಿತು, ಆ ವರ್ಷದ ಸೀಸನ್ನು ಅವತ್ತೇ ಮುಗಿಯಿತು. ಪಂಕ್ತಿಯಲ್ಲಿ ಕೂತವನ ಎಲೆಗೆ ಉಪ್ಪು ಬಡಿಸಿ, ಎಲೆ ಎತ್ತಿದ ಹಾಗೆ. ಅನ್ನಕ್ಕೆ ಮುಂದಿನ ಜೂನ್‌ವರೆಗೆ ಕಾಯಬೇಕಾಯಿತು.

ಇನ್ನು ಜಾತಕದ ವಿಚಾರ. ನೇಪಾಳದ ಕರೆಂಟು ಭಾರತಕ್ಕೆ ಬರಬೇಕಾದರೆ ‘ನೇಪಾಳದ ಕರೆಂಟು’ ಅಂದರೆ ಸಾಲದು. ಯಾವ ಘಟಕದ್ದು ಅಂತ ಹೆಸರು ಹಿಡಿದು ಅನುಮತಿ ಪಡೆಯಬೇಕು, ಅದನ್ನು ಮತ್ತೆ ಮತ್ತೆ ನವೀಕರಿಸಬೇಕು. ನಿಯಮ ಏನೆನ್ನುತ್ತದೆ? ಭಾರತದ ಜೊತೆ ಭೂಗಡಿ ಹಂಚಿಕೊಂಡಿರುವ, ಆದರೆ ಭಾರತದೊಂದಿಗೆ ವಿದ್ಯುತ್ ಒಪ್ಪಂದ ಮಾಡಿಕೊಳ್ಳದ ಮೂರನೇ ದೇಶದವರ ಒಡೆತನ ಆ ಘಟಕದಲ್ಲಿ ನೇರವಾಗಿಯೋ ಸುತ್ತುಬಳಸಿಯೋ ಇರಕೂಡದು. ಆ ಮೂರನೇ ದೇಶ ಯಾವುದು ಅಂತ ಎಲ್ಲರಿಗೂ ಗೊತ್ತು, ಕಾಗದದಲ್ಲಿ ಮಾತ್ರ ಹೆಸರಿಲ್ಲ. ಹಳೇ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ ‘ನಮ್ಮನೆಯವರು’ ಅನ್ನುತ್ತಿದ್ದರಲ್ಲ, ಆ ಮರ್ಯಾದೆ. ಆಚರಣೆಯಲ್ಲಿ ಒಡೆತನದ ಜೊತೆಗೆ ಗುತ್ತಿಗೆದಾರರ ಕುಲವನ್ನೂ ನೋಡುತ್ತಾರೆ. 456 ಮೆಗಾವಾಟಿನ ಅಪ್ಪರ್ ತಾಮಾಕೋಶಿ ನೇಪಾಳದವರದ್ದೇ ದುಡ್ಡಿನ ಯೋಜನೆ. ಆದರೆ ಕಾಂಕ್ರೀಟು ಸುರಿದದ್ದು ಚೀನಾದ ಕಂಪನಿ. ಕುಜದೋಷ! 2021ರ ಕೊನೆಯಲ್ಲಿ ಮೊದಮೊದಲು ಪಾಸಾದದ್ದು 24 ಮೆಗಾವಾಟಿನ ತ್ರಿಶೂಲಿ, 15 ಮೆಗಾವಾಟಿನ ದೇವಿಘಾಟ್. ಎರಡೂ ಹಿಂದೆ ಭಾರತದ ನೆರವಿನಲ್ಲೇ ಕಟ್ಟಿದವು. ಸೋದರಮಾವನ ಮನೆ ಸಂಬಂಧಕ್ಕೆ ಜಾತಕ ಏನು ನೋಡ್ತೀರಿ ಬಿಡಿ.

ತಮಾಷೆ ಇರುವುದು ತಂತಿಯೊಳಗೆ. ಹಾಲಿನ ಡೈರಿಗೆ ಬೆಳಿಗ್ಗೆ ಇನ್ನೂರು ಮನೆಯವರು ಹಾಲು ಹಾಕುತ್ತಾರೆ. ಲ್ಯಾಕ್ಟೋಮೀಟರ್ ಬಿಟ್ಟು, ಫ್ಯಾಟ್ ನೋಡಿ, ಕ್ಯಾನಿಗೆ ಸುರಿದ ಮೇಲೆ ‘ಈ ಲೋಟದಲ್ಲಿರುವುದು ಮೇಲಿನ ಕೇರಿಯ ಕೊನೇ ಮನೆ ಹಸುವಿನದು ಬೇಡ, ಆ ಹಸುವಿನ ಕೊಟ್ಟಿಗೆ ಕಟ್ಟಿದವರು ನಮಗಾಗದವರು’ ಎಂದರೆ ಸೆಕ್ರೆಟರಿ ಏನು ಮಾಡಬೇಕು? ಪುಸ್ತಕದಲ್ಲಿ ಬರೆದುಕೊಳ್ಳಬೇಕು ಅಷ್ಟೆ: ಆ ಮನೆ ಹಾಲು ಊರಲ್ಲೇ ಖರ್ಚಾಯಿತು, ಮಿಕ್ಕವರದು ಮಾತ್ರ ಟ್ಯಾಂಕರಿಗೆ ಹೋಯಿತು. ನೇಪಾಳವೂ ಅದನ್ನೇ ಮಾಡುತ್ತದೆ. ಚೀನಾ ಕಾಂಕ್ರೀಟಿನ ಕರೆಂಟು ಕಠ್ಮಂಡುವಿನ ಫ್ಯಾನಿಗೆ, ಶುದ್ಧ ಕುಲದ್ದು ಬಿಹಾರದ ಮುಜಫ್ಫರಪುರಕ್ಕೆ. ಢಲ್ಕೇಬರ್‌ನಿಂದ ಮುಜಫ್ಫರಪುರಕ್ಕೆ 400 ಕೆವಿ ಲೈನು ಒಂದೇ, ಕರೆಂಟು ಒಂದೇ, ಬೇರೆಯಾಗುವುದು ರಿಜಿಸ್ಟರಿನಲ್ಲಿ.

ಬಾಂಗ್ಲಾದೇಶದ ಪಾಲಿನ 40 ಮೆಗಾವಾಟಿಗೆ ಮೀಟರು ಓದುವುದೂ ಮುಜಫ್ಫರಪುರದಲ್ಲೇ. ಅಲ್ಲಿಯತನಕ ತಂತಿಯಲ್ಲಿ ಸೋರಿದ್ದು ನೇಪಾಳದ ಖಾತೆಗೆ. ಮುಜಫ್ಫರಪುರಕ್ಕೆ ಬಂದ ಕರೆಂಟು ವಾಸ್ತವವಾಗಿ ಬಿಹಾರದ ಬಲ್ಬು ಹೊತ್ತಿಸುತ್ತದೆ; ಬಾಂಗ್ಲಾಕ್ಕೆ ಹೋಗುವುದು ಬಂಗಾಳದ ಕಡೆ ಹತ್ತಿರದಲ್ಲಿ ಯಾವ ಘಟಕ ಓಡುತ್ತಿದೆಯೋ ಅದರದು, ಬಹುಪಾಲು ಕಲ್ಲಿದ್ದಲಿನದು. ಢಾಕಾದಲ್ಲಿ ‘ಹಿಮಾಲಯದ ಹಸಿರು ವಿದ್ಯುತ್ ಬಂತು’ ಅಂತ ಹಾರ ಹಾಕಿದರು. ಹಾಕಲಿ, ಲೆಕ್ಕದ ಪ್ರಕಾರ ತಪ್ಪೇನಿಲ್ಲ.

ಬಂಗಾಳದ ಬಹರಾಂಪುರದಿಂದ ಗಡಿ ದಾಟಿ ಬಾಂಗ್ಲಾದೇಶದ ಭೇರಾಮಾರಾ ತಲುಪಿದ ಕರೆಂಟಿಗೆ ಒಂದು ಸಂಸ್ಕಾರ ಆಗಬೇಕು. 400 ಕೆವಿಯ ಎಸಿ, ಅಂದರೆ ಹಿಂದೆ ಮುಂದೆ ಓಲಾಡುವ ಕರೆಂಟು, ಒಳಗೆ ಬರುತ್ತದೆ. ಅದನ್ನು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಮಾಡುತ್ತಾರೆ. ಅದೇ ಆವರಣದಲ್ಲಿ, ನಾಲ್ಕು ಹೆಜ್ಜೆ ಆಚೆ, ಆ ಡಿಸಿಯನ್ನು ಮತ್ತೆ ಎಸಿ ಮಾಡಿ 230 ಕೆವಿಗೆ ಬಿಡುತ್ತಾರೆ. ಬ್ಯಾಕ್ ಟು ಬ್ಯಾಕ್ ಅಂತ ಅದರ ಹೆಸರು. ಮದ್ದೂರು ವಡೆಯನ್ನು ಗಡಿಯಲ್ಲಿ ಒರಳಿಗೆ ಹಾಕಿ ಕುಟ್ಟಿ, ರವೆ, ಮೈದಾ, ಈರುಳ್ಳಿ ಬೇರೆ ಮಾಡಿ, ಕೈದಾಟಿಸಿ, ಆಚೆ ಮತ್ತೆ ತಟ್ಟಿ ಕರಿದು ‘ತಗೊಳ್ಳಿ, ಮದ್ದೂರು ವಡೆ’ ಎನ್ನುವ ಹಾಗೆ. 500 ಮೆಗಾವಾಟಿನ ಇಂಥ ಒಂದು ಒಲೆ 2013ರಲ್ಲಿ, ಇನ್ನೊಂದು 2018ರಲ್ಲಿ.

ನಗಬೇಡಿ, ಇದು ಪೆದ್ದುತನವಲ್ಲ. ಎಸಿಯಲ್ಲಿ ನೇರ ಕಟ್ಟಿದರೆ ಎರಡೂ ಗ್ರಿಡ್ಡಿನ ನಾಡಿ ಒಂದೇ ಆಗುತ್ತದೆ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಬೆವರುತ್ತಾರೆ. ನಡುವೆ ಡಿಸಿ ಇಟ್ಟರೆ ಹೇಳಿದಷ್ಟೇ ಕರೆಂಟು ದಾಟುತ್ತದೆ, ಜ್ವರ ದಾಟುವುದಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಪೂರ್ತಿ ಕತ್ತಲಾದಾಗ ಮಂಡ್ಯದ ಕಬ್ಬಿನ ಗದ್ದೆಗೆ ನೀರು ನಿಲ್ಲದಿದ್ದದ್ದು ಇದೇ ಕಾರಣಕ್ಕೆ: ದಕ್ಷಿಣದ ಗ್ರಿಡ್ಡು ಆಗಿನ್ನೂ ಬೇರೆ ಒಲೆ. ರಾಯಚೂರು–ಸೊಲ್ಲಾಪುರ 765 ಕೆವಿ ಲೈನು ಕೂಡಿ ಇಡೀ ದೇಶ ಒಂದೇ ನಾಡಿಗೆ ಬಂದದ್ದು 2013ರ ಡಿಸೆಂಬರ್ 31ಕ್ಕೆ. ಆದರೆ ಒರಳಿನ ಉಪಾಯಕ್ಕೂ ಮಿತಿ ಇದೆ. 2014ರ ನವೆಂಬರ್ 1ರಂದು ಭೇರಾಮಾರಾ ಕೇಂದ್ರವೇ ಟ್ರಿಪ್ ಆಯಿತು, ಆಮದಾಗುತ್ತಿದ್ದ 400 ಚಿಲ್ಲರೆ ಮೆಗಾವಾಟ್ ಒಂದೇ ಏಟಿಗೆ ಮಾಯ, ಹಿಂದೆಯೇ ಇಡೀ ಬಾಂಗ್ಲಾದೇಶ ಕತ್ತಲು. ಜ್ವರವೇನೋ ದಾಟಲಿಲ್ಲ, ಹಸಿವು ದಾಟಿತು.

ನಾಡಿ ಒಂದಾದವರ ಕಥೆ ಬೇಕಿದ್ದರೆ ಯುರೋಪು ನೋಡಿ. 2018ರ ಜನವರಿ ಮಧ್ಯದಿಂದ ಮಾರ್ಚ್ ಆರಂಭದವರೆಗೆ ಅಲ್ಲಿ 25 ದೇಶಗಳ ಓವನ್ನು, ಅಲಾರಾಂ ಗಡಿಯಾರಗಳು ಆರು ನಿಮಿಷ ಹಿಂದೆ ಬಿದ್ದವು. ಕೊಸೊವೊ ಮತ್ತು ಸರ್ಬಿಯಾ ನಡುವೆ ಜಗಳ. ಉತ್ತರ ಕೊಸೊವೊದವರು ಬಳಸಿದ ಕರೆಂಟಿಗೆ ದುಡ್ಡು ಯಾರು ಕೊಡಬೇಕು ಅಂತ ತೀರ್ಮಾನವಿಲ್ಲ. ಹೀಗೆ ಕೊರೆ ಬಿದ್ದದ್ದು 113 ಗಿಗಾವಾಟ್ ಅವರ್. ಕೊರೆ ಬಿದ್ದಷ್ಟಕ್ಕೆ ಇಡೀ ಖಂಡದ ಜನರೇಟರುಗಳು ಕೂದಲೆಳೆಯಷ್ಟು ನಿಧಾನ ತಿರುಗಿದವು: 50ರ ಬದಲು ಸರಾಸರಿ 49.996 ಹರ್ಟ್ಸ್. ಆವರ್ತನ ಎಣಿಸಿಕೊಂಡು ಓಡುವ ಗಡಿಯಾರಕ್ಕೆ ರಾಜಕೀಯ ಗೊತ್ತಿಲ್ಲ, ಎಣಿಸಿದ್ದನ್ನು ತೋರಿಸಿತು. ಪ್ಯಾರಿಸ್ಸಿನ ಗುಮಾಸ್ತ ಆಫೀಸಿಗೆ ತಡವಾದದ್ದಕ್ಕೆ ಬಾಲ್ಕನ್ ಗಡಿ ತಕರಾರು ಕಾರಣ ಎಂದರೆ ಸಾಹೇಬರು ನಂಬಲೇಬೇಕಿತ್ತು. ನಮ್ಮ ಗೋಡೆ ಗಡಿಯಾರ ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತದೆ. ಹಾಗಾಗಿ ನಮಗೆ ಆ ಸವಲತ್ತು ಇಲ್ಲ.

ಅದಕ್ಕೂ ಮುಂಚೆ, 2006ರ ನವೆಂಬರ್ 4. ನಮ್ಮಲ್ಲಿ ತೇರು ಎಳೆಯುವಾಗ ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್ ಅನುಮತಿ) ತಗೊಂಡು ಲೈನ್ ಆಫ್ ಮಾಡುತ್ತಾನಲ್ಲ, ಹಾಗೇ ಜರ್ಮನಿಯ ಎಮ್ಸ್ ನದಿಯಲ್ಲಿ ಒಂದು ದೊಡ್ಡ ಪ್ರವಾಸಿ ಹಡಗು ದಾಟಲಿ ಅಂತ 380 ಕೆವಿಯ ಎರಡು ಸರ್ಕ್ಯೂಟ್ ಆಫ್ ಮಾಡಿದರು. ನಿಗದಿಯಾಗಿದ್ದ ಹೊತ್ತಿಗಿಂತ ಮೂರು ಗಂಟೆ ಮೊದಲು. ಅಕ್ಕಪಕ್ಕದವರಿಗೆ ಹೇಳಿದ್ದು ತಡ. ‘ಇನ್ನೊಂದು ಲೈನ್ ಬಿದ್ದರೆ ತಡೆಯುತ್ತಾ’ ಅಂತ ಮತ್ತೆ ಲೆಕ್ಕ ಹಾಕಿದ್ದೂ ಅಷ್ಟಕ್ಕಷ್ಟೆ. ಹೊರೆ ಬೇರೆ ಲೈನಿಗೆ ಜಾರಿತು, ಅದು ಟ್ರಿಪ್, ಅದರ ಹಿಂದಿನದು ಟ್ರಿಪ್, ಯುರೋಪಿನ ಗ್ರಿಡ್ಡು ಮೂರು ಹೋಳು. ಸುಮಾರು ಒಂದೂವರೆ ಕೋಟಿ ಮನೆಗಳಿಗೆ ಕತ್ತಲು. ಇಷ್ಟೆಲ್ಲ ಒಂದು ಹಡಗು ದಾಟಲಿ ಅಂತ. ತೇರು ನಿಂತರೆ ಅಪಶಕುನ, ತಾನೇ?

ದರಕ್ಕೆ ಬರೋಣ. ಮಂಡ್ಯದ ಎಪಿಎಂಸಿ ಯಾರ್ಡಿನಲ್ಲಿ ಬೆಲ್ಲದ ಹರಾಜು ಆಗುವುದು ರಾಶಿ ರಾಶಿಗೆ. ಅಚ್ಚಿಗೆ ಒಂದು ದರ, ಕುರಿಕಾಟಿಗೆ ಒಂದು, ಬಕೆಟ್ ಬೆಲ್ಲಕ್ಕೆ ಇನ್ನೊಂದು. ಬಣ್ಣ ನೋಡಿ, ಚೂರು ಮುರಿದು ಬಾಯಿಗೆ ಹಾಕಿ ಕೂಗುತ್ತಾರೆ. ಕರೆಂಟು ಹರಾಜಾಗುವ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಹಾಗಿಲ್ಲ. ನಾಳಿನ ದಿನವನ್ನು ಕಾಲು ಗಂಟೆಯ 96 ತುಂಡು ಮಾಡಿ, ಇವತ್ತು ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಬಿಡ್ ಹಾಕಬೇಕು. ಒಂದೊಂದು ತುಂಡಿಗೂ ಒಂದೇ ದರ, ಮತ್ತು ಆ ದರ ಕಟ್ಟಕಡೆಯಲ್ಲಿ ಬೇಕಾಗಿ ಬಂದವನದು.

ಬೆಲ್ಲಕ್ಕೆ ಹಚ್ಚಿ ನೋಡಿ. ಇವತ್ತು ನೂರು ಕ್ವಿಂಟಾಲ್ ಬೇಕು ಅಂದುಕೊಳ್ಳಿ. ಒಬ್ಬ ರೈತ 40 ಕ್ವಿಂಟಾಲನ್ನು 1,000 ರೂಪಾಯಿಯಂತೆ ಕೊಡಲು ಸಿದ್ಧ, ಇನ್ನೊಬ್ಬ 30ನ್ನು 2,500ರಂತೆ, ಮತ್ತೊಬ್ಬ 25ನ್ನು 3,500ರಂತೆ. ಐದು ಕ್ವಿಂಟಾಲ್ ಕೊರೆ. ಅದನ್ನು ತುಂಬಲು ಹೊರರಾಜ್ಯದಿಂದ ಡೀಸೆಲ್ ಸುಟ್ಟುಕೊಂಡು ಒಂದು ಲಾರಿ ಬಂತು: ಕ್ವಿಂಟಾಲಿಗೆ 9,000. ಆಗ ನೂರಕ್ಕೆ ನೂರು ಕ್ವಿಂಟಾಲಿಗೂ 9,000.

“ಅಲ್ಲ ಕಣಣ್ಣ, ಸಾವ್ರಕ್ಕೆ ಕೊಡ್ತೀನಿ ಅಂದೋನ್ಗೂ ಒಂಬತ್ತು ಸಾವ್ರವಾ?” ಅಂತ ಯಾರ್ಡಿನಲ್ಲಿ ಕೇಳಿದರೆ ದಲ್ಲಾಳಿ ಹೇಳಬೇಕಾದ ಉತ್ತರ: “ಹೂಂ ಕಣಪ್ಪ, ಇಲ್ದಿದ್ರೆ ನಾಳೆಯಿಂದ ಅವ್ನೂ ಒಂಬತ್ತು ಸಾವ್ರ ಅಂತ್ಲೇ ಕೂಗ್ತಾನೆ.”

ನಿಜಕ್ಕೂ ವಾದ ಅದೇ, ಮತ್ತು ಎಂದಿನ ದಿನಗಳಲ್ಲಿ ಅದು ಸರಿಯೇ. ಎಲ್ಲರೂ ತಮ್ಮ ಅಸಲು ಖರ್ಚನ್ನೇ ಹೇಳುತ್ತಾರೆ, ಅಗ್ಗದವನು ಮೊದಲು ಒಳಗೆ ಬರುತ್ತಾನೆ, ದುಬಾರಿಯವನು ಹೊರಗುಳಿಯುತ್ತಾನೆ. ಕೆಡುವುದು ಕೊನೇ ಲಾರಿ ಹುಚ್ಚೆದ್ದಾಗ. ಯುರೋಪಿನಲ್ಲಿ ಆ ಲಾರಿಯ ಹೆಸರು ಗ್ಯಾಸು. 2022ರ ಆಗಸ್ಟ್ 26ರಂದು ಡಚ್ ಮಾರುಕಟ್ಟೆಯಲ್ಲಿ ಗ್ಯಾಸು ಮೆಗಾವಾಟ್ ಅವರ್‌ಗೆ 340 ಯೂರೋ ಆಸುಪಾಸಿಗೆ ಹೋಯಿತು. ಅದರ ಬೆನ್ನಿಗೆ ನೀರಿನ ಕರೆಂಟು, ಗಾಳಿಯ ಕರೆಂಟಿನ ದರವೂ ಆಕಾಶಕ್ಕೆ. ನಮ್ಮಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಅದೇ ವರ್ಷ ಯೂನಿಟ್ಟಿಗೆ 12 ರೂಪಾಯಿ ಮಿತಿ ಹಾಕಿ, 2023ರಲ್ಲಿ 10ಕ್ಕೆ ಇಳಿಸಿ, ಲಾರಿಯನ್ನೇ ಗೇಟಿನಲ್ಲಿ ನಿಲ್ಲಿಸಿತು. ಹತ್ತಕ್ಕಿಂತ ದುಬಾರಿ ಕರೆಂಟು ಆ ಬಾಗಿಲಿಗೆ ಬರುವುದಿಲ್ಲ. ಎಷ್ಟೋ ಸಲ ಹತ್ತು ರೂಪಾಯಿಗೂ ಕರೆಂಟೇ ಬರುವುದಿಲ್ಲ, ಅದು ಬೇರೆ ಮಾತು.

ಸೋವಿ ಕರೆಂಟಿನ ಊರನ್ನು ದುಬಾರಿ ಊರಿಗೆ ಜೋಡಿಸಿದರೆ ಏನಾಗುತ್ತದೆ ಅಂತ ನಾರ್ವೆಯವರನ್ನು ಕೇಳಿ. ನೀರು ಅವರದು, ಅಣೆಕಟ್ಟು ಅವರದು, ದರ ಜರ್ಮನಿಯ ಗಾಳಿ ಬೀಸಿದ್ದರ ಮೇಲೆ. ಯುರೋಪಿನ ಇಂಧನ ನಿಯಮಗಳನ್ನು ಒಪ್ಪುವುದೋ ಬೇಡವೋ ಎಂಬ ಜಗಳದಲ್ಲಿ 2025ರ ಜನವರಿ ಕೊನೆಗೆ ಅಲ್ಲಿನ ಸಮ್ಮಿಶ್ರ ಸರ್ಕಾರವೇ ಮುರಿಯಿತು. ಸ್ವೀಡನ್ ಇನ್ನೂ ಹುಷಾರು: ಜರ್ಮನಿಗೆ 700 ಮೆಗಾವಾಟಿನ ಕೇಬಲ್ಲು ಹಾಕುವ ಯೋಜನೆಯನ್ನು 2024ರಲ್ಲಿ ‘ನಿಮ್ಮ ಮಾರುಕಟ್ಟೆ ನೆಟ್ಟಗಿಲ್ಲ’ ಎಂದು ವಾಪಸ್ ಕಳಿಸಿತು. ಒಕ್ಕೂಟದೊಳಗೆ ಇದ್ದುಕೊಂಡೇ ತೂಬಿಗೆ ಹಲಗೆ ಹಾಕುವುದು ಮಂಡ್ಯದವರಿಗೆ ವಿವರಿಸಿ ಹೇಳಬೇಕಾದ ವಿದ್ಯೆಯಲ್ಲ.

ದರ ಸೊನ್ನೆಗಿಂತ ಕೆಳಗೂ ಹೋಗುತ್ತದೆ. 2024ರಲ್ಲಿ ಜರ್ಮನಿಯಲ್ಲಿ 457 ಗಂಟೆ ಹಾಗಾಯಿತು: ಕರೆಂಟು ತಗೊಳ್ಳಿ, ಮೇಲೆ ದುಡ್ಡೂ ತಗೊಳ್ಳಿ. ಆಲೆಮನೆ ಕಂಡವರಿಗೆ ಇದು ಅರ್ಥವಾದೀತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿರುವಾಗ ‘ಬೆಲ್ಲದ ದರ ಬಿತ್ತು, ಒಲೆ ಆರಿಸಿ’ ಎಂದರೆ ಆಗುತ್ತದೆಯೇ? ಹಾಲೂ ಹೋಯಿತು, ಕೊಪ್ಪರಿಗೆಯೂ ಸೀದಿತು. ದೊಡ್ಡ ಉಷ್ಣ ಸ್ಥಾವರಗಳಿಗೂ ನಿಲ್ಲಿಸಿ ಮತ್ತೆ ಹೊತ್ತಿಸುವ ಖರ್ಚಿಗಿಂತ ಮಧ್ಯಾಹ್ನ ಮೂರು ಗಂಟೆ ಕಾಲ ದುಡ್ಡು ಕೊಟ್ಟು ಕರೆಂಟು ಸಾಗಹಾಕುವುದೇ ಅಗ್ಗ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಕರೆಂಟಾದರೂ ಹರಿಯಿತು. ಗ್ಯಾಸಿನದು ಪೂಜೆಯೇ ಮುಗಿದಿಲ್ಲ. ತುರ್ಕಮೆನಿಸ್ತಾನದಿಂದ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಪಂಜಾಬಿನ ಫಾಜಿಲ್ಕಾಕ್ಕೆ ಬರಬೇಕಾದ ಕೊಳವೆಯ ಉದ್ದ 1,800 ಕಿಲೋಮೀಟರಿನ ಮೇಲೆ. ವರ್ಷಕ್ಕೆ 33 ಶತಕೋಟಿ ಘನ ಮೀಟರ್. ಒಪ್ಪಂದ 2010ರ ಡಿಸೆಂಬರಿನಲ್ಲಿ. ಗುದ್ದಲಿ ಪೂಜೆ 2015ರ ಡಿಸೆಂಬರಿನಲ್ಲಿ. ಅಫ್ಘಾನ್ ಭಾಗಕ್ಕೆ ಇನ್ನೊಂದು ಪೂಜೆ 2018ರಲ್ಲಿ. ಸರ್ಕಾರ ಬದಲಾಗಿ ತಾಲಿಬಾನಿಗಳು ಬಂದ ಮೇಲೆ ಮಗದೊಂದು, 2024ರಲ್ಲಿ. ಫಾಜಿಲ್ಕಾದಲ್ಲಿ ಒಲೆ ಹೊತ್ತಿಲ್ಲ. ನಮ್ಮ ಕಡೆ ಒಂದೇ ಸೇತುವೆಗೆ ಮೂವರು ಶಾಸಕರು ಮೂರು ಕಲ್ಲು ನೆಡುತ್ತಾರೆ ಅಂತ ಬೈಯುತ್ತೇವೆ. ಅದು ಅಂತರರಾಷ್ಟ್ರೀಯ ಗುಣಮಟ್ಟದ್ದು ಅಂತ ಗೊತ್ತಿರಲಿಲ್ಲ.

ಕೊಳವೆ ಇದ್ದ ಕಡೆಯ ವಿನೋದ ಇನ್ನೂ ಸೊಗಸು. ಉಕ್ರೇನು ರಷ್ಯಾದಿಂದ ಗ್ಯಾಸು ಕೊಳ್ಳುವುದನ್ನು 2015ರಲ್ಲೇ ನಿಲ್ಲಿಸಿತು. ಆದರೆ ರಷ್ಯಾದ ಗ್ಯಾಸು ಉಕ್ರೇನಿನ ಮೇಲೆಯೇ ಯುರೋಪಿಗೆ ಹಾದುಹೋಗುತ್ತಿತ್ತು. ಹಾಗಾಗಿ ಉಕ್ರೇನು ಯುರೋಪಿನವರಿಂದ ಕೊಂಡಿತು. ಗ್ಯಾಸು ಪಶ್ಚಿಮಕ್ಕೆ ಹೋಗಿ ತಿರುಗಿ ಬರಬೇಕಲ್ಲ? ಅಷ್ಟು ತ್ರಾಸ ಏಕೆ: ಹೋಗಬೇಕಾದ್ದರಲ್ಲಿ ಅಷ್ಟನ್ನು ಅಲ್ಲೇ ಇಳಿಸಿಕೊಂಡು, ಹೋಗಿ ಬಂತು ಅಂತ ಬರೆದುಕೊಂಡರಾಯಿತು. ಮನಿಯಾರ್ಡರಿನ ತತ್ವ, ಮಂಡ್ಯದಲ್ಲಿ ಕಟ್ಟಿದ ನೋಟೇ ಮುಂಬೈಯಲ್ಲಿ ಕೈಗೆ ಬರಬೇಕಿಲ್ಲ. ಗಡಿ ದಾಟಿದ್ದು ರಸೀತಿ.

‘ನಮಗೂ ಇದಕ್ಕೂ ಏನು ಸಂಬಂಧ’ ಅನ್ನುವವರು ಮನೆ ಮೂಲೆಯ ಯೂರಿಯಾ ಚೀಲ ನೋಡಬೇಕು. ಯೂರಿಯಾ ಮಾಡುವುದು ಗ್ಯಾಸಿನಿಂದ. 45 ಕೆಜಿಯ ಒಂದು ಚೀಲಕ್ಕೆ ಹೆಚ್ಚುಕಡಿಮೆ ಒಂದು ಎಂಎಂಬಿಟಿಯು (ಗ್ಯಾಸನ್ನು ಅದರ ಕಾವಿನ ಮೇಲೆ ಅಳೆಯುವ ಮಾನ) ಗ್ಯಾಸು. ಆ ಆಗಸ್ಟ್ 26ರ ಡಚ್ ದರ ಹಿಡಿದರೆ ಒಂದು ಚೀಲದೊಳಗಿನ ಗ್ಯಾಸಿಗೇ ಸುಮಾರು 8,000 ರೂಪಾಯಿ. ರೈತ ಕೊಡುವುದು 266 ಚಿಲ್ಲರೆ, ಮಿಕ್ಕದ್ದು ಸರ್ಕಾರದ ತಲೆಗೆ. ಅದೇ ವರ್ಷ ರಷ್ಯಾದ ಕಂಪನಿಯೊಂದರ ಜರ್ಮನ್ ಅಂಗಸಂಸ್ಥೆಯನ್ನು ಜರ್ಮನಿ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು; ಆ ಸಂಸ್ಥೆಯಿಂದ ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ಗೆ ಒಪ್ಪಂದದಂತೆ ಬರಬೇಕಿದ್ದ ದ್ರವೀಕೃತ ಅನಿಲದ ಹಡಗುಗಳು ಬರಲಿಲ್ಲ, ಇಲ್ಲಿ ಗೊಬ್ಬರ ಕಾರ್ಖಾನೆಗಳಿಗೆ ಗ್ಯಾಸು ಕಡಿತವಾಯಿತು. ಮಾರುಕಟ್ಟೆ ಏಕೀಕರಣ ಚೆನ್ನಾಗಿಯೇ ಕೆಲಸ ಮಾಡಿತು.

ಅಳತೆಯಲ್ಲಾದರೂ ಏಕೀಕರಣ ಇದೆಯೇ? ಅಂತರರಾಷ್ಟ್ರೀಯವಾಗಿ ಎಂಎಂಬಿಟಿಯುಗೆ ಡಾಲರು, ಯುರೋಪಿನಲ್ಲಿ ಮೆಗಾವಾಟ್ ಅವರ್‌ಗೆ ಯೂರೋ, ಬಂಕಿನಲ್ಲಿ ಸಿಎನ್‌ಜಿ ಕೆಜಿಗೆ, ಮೈಸೂರಿನ ಪೈಪ್ ಗ್ಯಾಸಿನ ಬಿಲ್ಲು ಘನ ಮೀಟರಿಗೆ, ಸಿಲಿಂಡರು ಅದರಷ್ಟಕ್ಕೆ 14.2 ಕೆಜಿ. ಗೃಹಿಣಿಯರಿಗೆ ಬೇಕಾದ ಲೆಕ್ಕ ಒಂದೇ: ಒಂದು ಸಿಲಿಂಡರ್ ಅಂದರೆ ಪೈಪ್ ಗ್ಯಾಸಿನ ಹದಿನೇಳು, ಹದಿನೆಂಟು ಘನ ಮೀಟರ್. ಇದನ್ನು ಬಿಲ್ಲಿನ ಮೇಲೆ ಮುದ್ರಿಸಿದರೆ ಜನ ತಾವೇ ಹೋಲಿಸಿಕೊಂಡಾರು ಎಂಬ ಭಯವೋ ಏನೋ. ಮತ್ತೆ, ಅದೇ ಒಲೆಗೆ ಪೈಪು ಚುಚ್ಚಿದರೆ ಆಗಲ್ಲ. ಬರ್ನರಿನ ಕೆಳಗಿನ ಜೆಟ್ ಬದಲಿಸಬೇಕು. ಪೈಪ್ ಗ್ಯಾಸಿಗೆ ಒತ್ತಡವೂ ಕಮ್ಮಿ, ಕಾವೂ ಕಮ್ಮಿ, ಹಾಗಾಗಿ ತೂತು ದೊಡ್ಡದಿರಬೇಕು. ಹಳೇ ಜೆಟ್ಟೇ ಉಳಿದರೆ ಉರಿ ಸಣ್ಣದಾಗಿ ಮುದ್ದೆ ನೀರು ಕುದಿಯುವುದರಲ್ಲಿ ಮಧ್ಯಾಹ್ನವಾಗುತ್ತದೆ. ದೊಡ್ಡ ಜೆಟ್ಟಿಗೆ ಸಿಲಿಂಡರ್ ಹಾಕಿದರೆ ಉರಿ ಹಳದಿಯಾಗಿ ಮೇಲೆದ್ದು ಪಾತ್ರೆ ತಳ ಮಸಿ. ಖಂಡಗಳನ್ನೇ ಜೋಡಿಸುವವರಿಗೆ ಇಂಥ ಮಿಲಿಮೀಟರಿನ ತೂತು ಕಾಣದಿರುವುದು ಸಹಜ.

ಇಂಥ ಮಾರುಕಟ್ಟೆಗೆ ನಮ್ಮ ಶಿವನಸಮುದ್ರವೂ ಇವತ್ತು ಅರ್ಜಿ ಹಾಕಿದೆ ಅಂದುಕೊಳ್ಳಿ. ಘಟಕದ ಹೆಸರು, ಸಾಮರ್ಥ್ಯ 42, ಸರಿ. ಯಂತ್ರದ ಮೂಲ ಕುಲ: ಸ್ವಿಸ್, ಅಮೆರಿಕನ್, ಭೂಗಡಿ ಹಂಚಿಕೊಂಡಿಲ್ಲ, ಪಾಸು. ಮೊದಲ ಗಿರಾಕಿ: ಬ್ರಿಟಿಷರು, ಈಗಿಲ್ಲ, ಪಾಸು. ಇಂಧನ: ನೀರು. ಇಂಧನದ ಮೂಲ: ಕೊಡಗು. ಬಳಸಿದ ಮೇಲೆ ಇಂಧನ ಎಲ್ಲಿಗೆ ಹೋಗುತ್ತದೆ? ಇಲ್ಲಿ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, ಹಿಂದಿನ ಪುಟ ಮುಂದಿನ ಪುಟ ತಿರುವಿ, ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತಾರೆ: ‘ವಿದ್ಯುತ್ ಸಾಗಣೆಗೆ ಆಕ್ಷೇಪಣೆ ಇಲ್ಲ. ಬಿಳಿಗುಂಡ್ಲುವಿನ ಮೀಟರ್ ರೀಡಿಂಗ್ ಲಗತ್ತಿಸಿ, ಕೆಳಗಿನವರ ಒಪ್ಪಿಗೆ ಪತ್ರದೊಂದಿಗೆ ಮರುಸಲ್ಲಿಸಿ.’